ಕೇಳುಗ ಬರೆದ ಮುಖಚಿತ್ರ: ಹೆಸರು ಯಾರದು, ಹಕ್ಕು ಯಾರದು?

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯಲ್ಲಿ ನೆಲೆಸಿ, ಹಿಪ್ಪುನೇರಳೆ ತೋಟದ ಕೆಲಸದ ನಡುವೆ ಕನ್ನಡದ ಪಾಡ್‌ಕಾಸ್ಟೊಂದನ್ನು ತಪ್ಪದೆ ಆಲಿಸುವ ಯುವಕನೊಬ್ಬನನ್ನು ಊಹಿಸಿಕೊಳ್ಳಬಹುದು. ಆತನಿಗೆ ಚಿತ್ರಕಲೆ ಒಲಿದಿದೆ. ಮೊಬೈಲಿನಲ್ಲೇ ಚಿತ್ರ ಬರೆಯುವ ಅಭ್ಯಾಸವೂ ಇದೆ. ಕಾರ್ಯಕ್ರಮದ ನಿರೂಪಕರು ಕಂತಿನ ಕೊನೆಯಲ್ಲಿ, ತಮಗೊಂದು ಹೊಸ ಮುಖಚಿತ್ರ ಬೇಕಾಗಿದೆ, ಕೇಳುಗರು ಬರೆದು ಕಳುಹಿಸಬಹುದು ಎನ್ನುತ್ತಾರೆ. ಆತ ಎರಡು ರಾತ್ರಿ ಕುಳಿತು ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾನೆ. ಮರುವಾರ ಆ ಚಿತ್ರವೇ ಕಾರ್ಯಕ್ರಮದ ಮುಖವಾಗುತ್ತದೆ. ನಿರೂಪಕರು ಒಮ್ಮೆ ಹೆಸರು ಹೇಳಿ ಧನ್ಯವಾದ ಅರ್ಪಿಸುತ್ತಾರೆ. ಅಲ್ಲಿಗೆ ಎಲ್ಲರಿಗೂ ಸಂತೋಷ.

ಈ ಯುವಕ ಕಲ್ಪಿತ, ರೂಢಿ ಕಲ್ಪಿತವಲ್ಲ. ಯಾವ ಸಂಸ್ಥೆಯ ಬೆಂಬಲವೂ ಇಲ್ಲದೆ ಇಬ್ಬರು ಮೂವರು ಸ್ನೇಹಿತರು ಸೇರಿ ನಡೆಸುವ ಸ್ವತಂತ್ರ ಪಾಡ್‌ಕಾಸ್ಟ್‌ಗಳು ಕೇಳುಗರಿಂದ ಚಿತ್ರ ಆಹ್ವಾನಿಸುವುದು ಜಗತ್ತಿನ ಎಲ್ಲೆಡೆ ಕಂಡುಬರುವ ಸಂಗತಿ. ಕಲಾವಿದರಿಗೆ ಸಂಭಾವನೆ ಕೊಡುವ ಶಕ್ತಿ ಅವರಿಗಿಲ್ಲ; ಕೇಳುಗನಿಗೆ ತನ್ನ ಮೆಚ್ಚಿನ ಕಾರ್ಯಕ್ರಮಕ್ಕೆ ಏನಾದರೂ ಕೊಡಬೇಕೆಂಬ ಆಸೆ ಇದೆ. ಇದರಲ್ಲಿ ತಪ್ಪೇನೂ ಇಲ್ಲ. ಮೂರು ವರ್ಷಗಳ ಅನಂತರ ಆ ಕಾರ್ಯಕ್ರಮಕ್ಕೆ ಪ್ರಾಯೋಜಕರು ದೊರೆತು, ಅದೇ ಚಿತ್ರ ಟೀ ಶರ್ಟಿನ ಮೇಲೆ, ಚಹಾ ಬಟ್ಟಲಿನ ಮೇಲೆ ಮಾರಾಟಕ್ಕೆ ಬಂದಾಗ ಅದು ಯಾರ ಸ್ವತ್ತು ಎಂಬ ಪ್ರಶ್ನೆ ಉದ್ಭವಿಸುತ್ತದೆ. ಅದಕ್ಕೆ ಉತ್ತರ ನೀಡುವ ಒಂದು ತುಂಡು ಕಾಗದವೂ ಇಬ್ಬರ ಬಳಿಯೂ ಇರುವುದಿಲ್ಲ.

ಧ್ವನಿಯ ಮಾಧ್ಯಮಕ್ಕೆ ಚಿತ್ರವೇಕೆ ಎಂದು ಕೇಳಬಹುದು. ಆ್ಯಪಲ್ ಸಂಸ್ಥೆ 2005ರಲ್ಲಿ ತನ್ನ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗಳಿಗೆ ಸ್ಥಾನ ನೀಡಿತು. ಇಂದು ಅದರ ಪಟ್ಟಿಯಲ್ಲಿ ಸೇರಬೇಕಾದರೆ ಚೌಕಾಕಾರದ ಮುಖಚಿತ್ರ ಕಡ್ಡಾಯ. ಕನಿಷ್ಠ 1,400 ಪಿಕ್ಸೆಲ್, ಗರಿಷ್ಠ 3,000 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. (ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗಿಬಿಡುತ್ತದೆ, ಕಡತವಾಗಿಯೇ ಕಳುಹಿಸಬೇಕು ಎಂಬುದು ಅನೇಕರಿಗೆ ತಡವಾಗಿ ತಿಳಿಯುತ್ತದೆ.) ಇಷ್ಟು ದೊಡ್ಡದಾಗಿ ಬರೆದ ಚಿತ್ರ ಮೊಬೈಲಿನ ಪರದೆಯಲ್ಲಿ ಅಂಚೆಚೀಟಿಯಷ್ಟಾಗುತ್ತದೆ. ಕನ್ನಡಕ್ಕೆ ಇಲ್ಲಿ ಮತ್ತೊಂದು ತೊಡಕಿದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲಿನ ಶೀರ್ಷಿಕೆ ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಡುತ್ತದೆ. ಚಿಕ್ಕದಾದಾಗ ಮೊದಲು ಕಲಸಿಹೋಗುವುದು ಈ ಒತ್ತುಗಳೇ. ಕನ್ನಡ ಲಿಪಿಯನ್ನು ಕೈಯಾರೆ ಬರೆಯಬಲ್ಲ ಕೇಳುಗನ ನೆರವಿಗೆ ಬೆಲೆ ಬರುವುದು ಈ ಕಾರಣದಿಂದ. ಚಿತ್ರ ತಯಾರಿಸಿಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು 2022ರಿಂದೀಚೆಗೆ ಎಲ್ಲರ ಕೈಗೆ ಬಂದಿವೆ ನಿಜ, ಆದರೆ ಅವು ಬರೆದ ಕನ್ನಡ ಅಕ್ಷರಗಳನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಕೇಳುಗನೇ ಕಾರ್ಯಕ್ರಮದ ಪಾಲುದಾರನಾಗುವುದು ಈ ಸೀಮೆಗೆ ಹೊಸದೇನೂ ಅಲ್ಲ. ಚಿಕ್ಕಬಳ್ಳಾಪುರ 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ಮುನ್ನ ಜಂಗಮಕೋಟೆ ಸೇರಿದ್ದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಧ್ವನಿ ಕೇಂದ್ರ ತಲೆಯೆತ್ತಿತು. ಹೈದರಾಲಿಯ ಹುಟ್ಟೂರೆಂದು ಹೆಸರಾದ ಊರು ಅದು. ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಆರಂಭಿಸಿದ ಈ ಕೇಂದ್ರದಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರೂ ಊರಿನ ಯುವಕರೂ ತಾವೇ ಕಾರ್ಯಕ್ರಮ ತಯಾರಿಸಿದರು. ಪ್ರಸಾರ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪಿತ್ತಿದ್ದರೂ ಗ್ರಾಮಸ್ಥರಿಗೆ ಬಾನುಲಿ ಪರವಾನಗಿ ದೊರೆಯುವಂತಿರಲಿಲ್ಲ. ಆದ್ದರಿಂದ ಕೇಬಲ್ ತಂತಿಯ ಮೂಲಕ ಮನೆಮನೆಗೆ ಧ್ವನಿ ಹರಿಸಲಾಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರ ನೀತಿಯಲ್ಲಿ.

ಬೂದಿಕೋಟೆಯಲ್ಲಿ ಕೇಳುವವರೂ ಹೇಳುವವರೂ ಒಂದೇ ಊರಿನವರು. ಹಾಡಿದವರು ಯಾರು, ಮಾತನಾಡಿದವರು ಯಾರು ಎಂಬುದು ಊರಿಗೆಲ್ಲ ಗೊತ್ತಿತ್ತು. ಹೆಸರನ್ನು ಬರೆದಿಡುವ ಅಗತ್ಯವೇ ಬೀಳಲಿಲ್ಲ. ಪಾಡ್‌ಕಾಸ್ಟ್‌ಗೆ ಅಂಥ ಊರಿಲ್ಲ. ಬೆಂಗಳೂರಿನ ಕೋಣೆಯೊಂದರಲ್ಲಿ ಧ್ವನಿಮುದ್ರಣಗೊಂಡದ್ದನ್ನು ಅಮೆರಿಕದ ಕನ್ನಡ ಕುಟುಂಬವೊಂದು ಕಾರಿನಲ್ಲಿ ಕೇಳುತ್ತದೆ. ಅಲ್ಲಿ ಕಾಣುವುದು ಚಿತ್ರ ಮಾತ್ರ, ಬರೆದ ಕೈ ಅಲ್ಲ.

ಕುಂಬಳೆಯ ಪಾಠ

ಉಚಿತವಾಗಿ ಕೊಟ್ಟ ಚಿತ್ರ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಕನ್ನಡಿಗರ ನಡುವೆಯೇ ದೊಡ್ಡ ನಿದರ್ಶನವಿದೆ. ಅದು ಪಾಡ್‌ಕಾಸ್ಟಿನ ಚಿತ್ರವಲ್ಲ, ಬಾವುಟದ ಚಿತ್ರ. ಯಕ್ಷಗಾನ ಬಲ್ಲವರು ಪಾರ್ತಿಸುಬ್ಬನ ಊರೆಂದು ನೆನೆಯುವ ಕಾಸರಗೋಡು ಜಿಲ್ಲೆಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ, 2015ರಲ್ಲಿ ಊರಿನ ಯುವಕ ಸಂಘದ ಗೆಳೆಯರ ಒತ್ತಾಯಕ್ಕೆ ಮಣಿದು ಗಣೇಶೋತ್ಸವದ ಬಾವುಟಕ್ಕಾಗಿ ಹನುಮಂತನ ಮುಖ ಬರೆದುಕೊಟ್ಟರು. ಕೇಸರಿ ಮತ್ತು ಕಪ್ಪು, ಎರಡೇ ಬಣ್ಣ. ಮುಂದೆ ಆ ಮುಖ ದೇಶದ ಲೆಕ್ಕವಿಲ್ಲದಷ್ಟು ಕಾರು, ಬೈಕುಗಳ ಹಿಂಬದಿಗೆ ಏರಿತು. 2018ರ ಮೇ ತಿಂಗಳಲ್ಲಿ ಮಂಗಳೂರಿನ ಚುನಾವಣಾ ಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಕಲಾವಿದರ ಹೆಸರೆತ್ತಿ ಹೊಗಳಿದರು. ಸ್ಟಿಕ್ಕರ್ ಮುದ್ರಿಸಿ ಮಾರಿದವರು ಮಾತ್ರ ಬೇರೆಯವರು.

ಹಣದ ಮಾತು ಹಾಗಿರಲಿ, ಅರ್ಥವೂ ಕಲಾವಿದರ ಕೈಯಲ್ಲಿ ಉಳಿಯಲಿಲ್ಲ. ಅದು ಕೋಪದ ಹನುಮನಲ್ಲ, ಗತ್ತಿನ ಹನುಮ ಎಂಬುದು ಅವರ ವಿವರಣೆ. ನೋಡಿದವರಲ್ಲಿ ಕೆಲವರು ಅದನ್ನು ಭಕ್ತಿಯೆಂದರು, ಕೆಲವರು ಆಕ್ರಮಣವೆಂದರು. ಲೇಖನಗಳು ಬಂದವು, ವಾಗ್ವಾದಗಳು ನಡೆದವು. ಊರಿನ ಹಬ್ಬಕ್ಕೆಂದು ಹುಟ್ಟಿದ ಚಿತ್ರ ರಾಷ್ಟ್ರೀಯ ಚರ್ಚೆಯ ವಸ್ತುವಾಯಿತು. ಸಣ್ಣ ಪಾಡ್‌ಕಾಸ್ಟಿನ ಮುಖಚಿತ್ರಕ್ಕೆ ಇಂಥ ಯೋಗ ಒದಗುವುದು ಅಪರೂಪವೆಂದು ವಾದಿಸಬಹುದು. ಬಾವುಟ ಬರೆಸಿಕೊಂಡ ಗೆಳೆಯರೂ ಹಾಗೆಯೇ ಭಾವಿಸಿದ್ದಿರಬೇಕು.

ಕಾನೂನಿನ ದೃಷ್ಟಿ ಇಲ್ಲಿ ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿದೆ ಎಂಬುದು ಗಮನಾರ್ಹ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 17ರ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ. ನೋಂದಣಿ ಕಡ್ಡಾಯವಲ್ಲ, ಚಿತ್ರ ಮುಗಿದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ, ರಚಿಸಿದವನ ಜೀವಿತಾವಧಿಯ ಅನಂತರವೂ 60 ವರ್ಷ ಉಳಿಯುತ್ತದೆ. ಹಣ ಕೊಟ್ಟು, ಹೇಳಿ ಬರೆಸಿಕೊಂಡ ವರ್ಣಚಿತ್ರ ಅಥವಾ ಭಾವಚಿತ್ರವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಬರೆಸಿಕೊಂಡವನೇ ಮೊದಲ ಒಡೆಯನಾಗುತ್ತಾನೆ. ಅಂದರೆ ಹಣ ಪಡೆದ ಚಿತ್ರಕಾರನಿಗಿಂತ ಬಿಟ್ಟಿಯಾಗಿ ಬರೆದುಕೊಟ್ಟ ಕೇಳುಗನ ಹಕ್ಕೇ ಹೆಚ್ಚು ಭದ್ರ! ಇದು ಬಹುತೇಕ ಕೇಳುಗರಿಗೂ ತಿಳಿದಿಲ್ಲ, ನಿರೂಪಕರಿಗೂ ತಿಳಿದಿಲ್ಲ.

ಹೀಗಾಗಿ ಪೇಚಿಗೆ ಸಿಲುಕುವವರು ಮೊದಲು ಪಾಡ್‌ಕಾಸ್ಟ್ ನಡೆಸುವವರೇ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕೆಂದು ಕಲಂ 19 ವಿಧಿಸುತ್ತದೆ. ಬಳಕೆಯ ಪರವಾನಗಿಯೂ ಲಿಖಿತವಾಗಿರಬೇಕೆಂದು ಕಲಂ 30 ಹೇಳುತ್ತದೆ. 'ಬಳಸಿಕೊಳ್ಳಿ ಸಾರ್' ಎಂಬ ವಾಟ್ಸ್‌ಆ್ಯಪ್ ಸಂದೇಶದ ಬಲ ಎಷ್ಟು ಎಂಬುದು ವಕೀಲರ ವಾದಕ್ಕೆ ಬಿಟ್ಟ ವಿಷಯ. ಕಾಗದ ಬರೆದುಕೊಂಡರೂ ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಸೀಮಿತ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತ. ಮೇಲೆ ಹೇಳಿದ ಅಮೆರಿಕದ ಕುಟುಂಬದ ಮೊಬೈಲಿನಲ್ಲಿ ಚಿತ್ರ ಮೂಡಿದಾಗ ಆ ಕಾಗದ ಅಲ್ಲಿಗೆ ತಲುಪಿರುವುದಿಲ್ಲ.

ಹಕ್ಕು ಮಾರಿದ ಮೇಲೂ ಕಲಾವಿದನಲ್ಲಿ ಉಳಿಯುವ ಅಂಶವೊಂದಿದೆ. ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ತಿರುಚುವುದನ್ನು ತಡೆಯುವ ಅಧಿಕಾರವನ್ನು ಕಲಂ 57 ನೀಡಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಶಿಲ್ಪಿ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಗಿತ್ತು. ಕೇಂದ್ರ ಸರ್ಕಾರವೇ ಹಣ ಕೊಟ್ಟು ಮಾಡಿಸಿದ ಶಿಲ್ಪ ಅದು. ಆದರೂ ಅಳಿದುಳಿದ ಭಾಗಗಳನ್ನು ಶಿಲ್ಪಿಗೆ ಹಿಂದಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ದೆಹಲಿ ಹೈಕೋರ್ಟ್ 2005ರಲ್ಲಿ ಆದೇಶಿಸಿತು. ಅಂದಮಾತ್ರಕ್ಕೆ ಕೇಳುಗ ಬರೆದ ಮುಖಚಿತ್ರವನ್ನು ಬದಲಿಸುವಂತೆಯೇ ಇಲ್ಲವೆಂದು ಭಾವಿಸಬೇಕಾಗಿಲ್ಲ. ಕೃತಿಯನ್ನು ಪ್ರದರ್ಶಿಸದಿರುವುದು ಉಲ್ಲಂಘನೆಯಲ್ಲವೆಂದು ಅದೇ ಕಲಂ ಸ್ಪಷ್ಟಪಡಿಸಿದೆ. ತೆಗೆದುಹಾಕಬಹುದು, ವಿರೂಪಗೊಳಿಸುವಂತಿಲ್ಲ.

ಜಂಗಮಕೋಟೆ ಹೋಬಳಿಗೆ ಕಾಗದದ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೈಗಾರಿಕಾ ಪ್ರದೇಶಕ್ಕಾಗಿ ಭೂಸ್ವಾಧೀನದ ಪ್ರಸ್ತಾವದಿಂದ ಇತ್ತೀಚಿನ ವರ್ಷಗಳಲ್ಲಿ ಸುದ್ದಿಯಾದ ಹೋಬಳಿ ಇದು. ಪಹಣಿಯಲ್ಲಿ ಹೆಸರಿದ್ದವನ ಮಾತಿಗೂ ಇಲ್ಲದವನ ಮಾತಿಗೂ ಇರುವ ಅಂತರವನ್ನು ಇಲ್ಲಿನ ರೈತರು ಬಲ್ಲರು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ ಹರಾಜಾದ ಗೂಡಿಗೆ ತೂಕ, ದರ, ಹೆಸರು ದಾಖಲಾಗುತ್ತವೆ. ಎರಡು ರಾತ್ರಿಯ ನಿದ್ದೆಗೆಟ್ಟು ಬರೆದ ಚಿತ್ರ ಮಾತ್ರ ಯಾವ ದಾಖಲೆಯೂ ಇಲ್ಲದೆ ಕೈ ಬದಲಿಸುತ್ತದೆ.

ಪುಸ್ತಕಕ್ಕೊಂದು ನ್ಯಾಯ

ಈ ವಿಷಯದಲ್ಲಿ ಕನ್ನಡ ಪ್ರಕಾಶನ ಕ್ಷೇತ್ರ ಬಹಳ ಹಿಂದೆಯೇ ದಾರಿ ಕಂಡುಕೊಂಡಿದೆ. ಯಾವುದೇ ಒಳ್ಳೆಯ ಕನ್ನಡ ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿ ತೆರೆದರೆ, ಪ್ರತಿಗಳ ಸಂಖ್ಯೆ, ಬಳಸಿದ ಕಾಗದ, ಬೆಲೆಗಳ ಜೊತೆಗೆ 'ಮುಖಪುಟ ಚಿತ್ರ' ಎಂಬ ಸಾಲು, ಅದರ ಮುಂದೆ ಒಂದು ಹೆಸರು ಕಾಣುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮುಖಪುಟ ಚಿತ್ರಕಲೆಗೆಂದೇ ಪ್ರತ್ಯೇಕ ಬಹುಮಾನವಿದೆ. ಸರ್ಕಾರದ ಪ್ರಾಧಿಕಾರವೊಂದು ಮುಖಪುಟದ ಕಲಾವಿದನನ್ನು ಕರೆದು ಗೌರವಿಸುತ್ತದೆ ಎಂಬುದು ಸಣ್ಣ ಮಾತಲ್ಲ. 'ತಲೆ-ಹರಟೆ'ಯಂಥ ಕಾರ್ಯಕ್ರಮಗಳು 2019ರಲ್ಲಿ ಆರಂಭವಾದ ಬಳಿಕ ಕನ್ನಡ ಪಾಡ್‌ಕಾಸ್ಟ್‌ಗಳಿಗೆ ಒಂದು ಓದುಬಲ್ಲ, ಕೇಳಬಲ್ಲ ವರ್ಗ ರೂಪುಗೊಂಡಿದೆ. ಆದರೆ ಪುಸ್ತಕದ ಈ ಒಂದು ಸಾಲಿನ ಸಂಪ್ರದಾಯ ಅಲ್ಲಿಗೆ ದಾಟಿ ಬಂದಂತಿಲ್ಲ.

ತಂತ್ರಜ್ಞಾನವನ್ನು ದೂರುವುದು ಸುಲಭ. ಪಾಡ್‌ಕಾಸ್ಟ್ ಕಳುಹಿಸುವ ಕಡತದಲ್ಲಿ ಚಿತ್ರದ ವಿಳಾಸಕ್ಕೆ ಜಾಗವಿತ್ತು, ಚಿತ್ರಕಾರನ ಹೆಸರಿಗೆ ಇರಲಿಲ್ಲ ಎಂಬುದು ನಿಜ. ಈಚೆಗೆ 'ಪಾಡ್‌ಕಾಸ್ಟಿಂಗ್ 2.0' ಎಂಬ ಮುಕ್ತ ಯೋಜನೆ ಕಂತಿನ ಹಿಂದಿರುವ ವ್ಯಕ್ತಿಗಳನ್ನು ನಮೂದಿಸಲು ಅವಕಾಶ ಕಲ್ಪಿಸಿದ್ದು, ಅದರಲ್ಲಿ ಮುಖಚಿತ್ರ ವಿನ್ಯಾಸಕನಿಗೂ ಸ್ಥಾನವಿದೆ. ಎಲ್ಲ ಆ್ಯಪ್‌ಗಳೂ ಅದನ್ನು ತೋರಿಸುವುದಿಲ್ಲ. ಆದರೆ ಕಾರ್ಯಕ್ರಮದ ವಿವರಣೆಯ ಕೊನೆಯಲ್ಲಿ ಒಂದು ಸಾಲು ಸೇರಿಸಲು ಯಾವ ಆ್ಯಪ್ ತಡೆದಿದೆ? ಕಂತಿನಲ್ಲಿ ಹೇಳಿದ ಹೆಸರು ಆ ಕಂತಿನೊಂದಿಗೆ ಹಿಂದೆ ಸರಿಯುತ್ತದೆ; ಚಿತ್ರ ಪ್ರತಿ ಕಂತಿನೊಂದಿಗೂ ಮುಂದೆ ಬರುತ್ತದೆ.

ಚಿತ್ರ ಬರೆದ ಕೇಳುಗರು ವೃತ್ತಿನಿರತರಾಗಿ ಬೆಳೆದ ಉದಾಹರಣೆಯೂ ಇಲ್ಲದಿಲ್ಲ. ಅಮೆರಿಕದ ಮೆಕೆಲ್ರಾಯ್ ಸಹೋದರರು ತಮ್ಮ ತಂದೆಯೊಡನೆ 2014ರಿಂದ ನಡೆಸುತ್ತಿರುವ 'ದಿ ಅಡ್ವೆಂಚರ್ ಜೋನ್' ಪಾಡ್‌ಕಾಸ್ಟ್ 2018ರಲ್ಲಿ ಚಿತ್ರಕಾದಂಬರಿಯಾಯಿತು. ಅದರ ಚಿತ್ರಗಳನ್ನು ಬರೆದ ಕೇರಿ ಪೀಚ್, ಮೊದಲು ಅಭಿಮಾನದಿಂದ ಆ ಕಾರ್ಯಕ್ರಮದ ಪಾತ್ರಗಳನ್ನು ಚಿತ್ರಿಸುತ್ತಿದ್ದ ಕೇಳುಗರು. ಪುಸ್ತಕದ ಮುಖಪುಟದಲ್ಲಿ ಸಹೋದರರ ಹೆಸರಿನ ಜೊತೆಗೇ ಅವರ ಹೆಸರೂ ಇದೆ. ಹುಡುಕಲು ಹೆಸರೊಂದು ಸಿಗದಿದ್ದರೆ ಇಂಥ ಕರೆ ಯಾರನ್ನೂ ತಲುಪದು.

ಕನ್ನಡದಲ್ಲಿ ಪ್ರಾಯೋಜಕರು ಕೈಬೆರಳೆಣಿಕೆಯಷ್ಟಿರುವಾಗ ಸಂಭಾವನೆಯನ್ನು ಮೊದಲ ಷರತ್ತಾಗಿಸುವುದು ಪ್ರಾಯೋಗಿಕವಲ್ಲ ಎಂಬ ನಿರೂಪಕರ ಮಾತಿನಲ್ಲಿ ಹುರುಳಿದೆ. ಅರ್ಧ ಪುಟದ ಪತ್ರಕ್ಕೆ ಹಣ ಬೇಕಿಲ್ಲ. ಚಿತ್ರ ಯಾವುದು, ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ, ಮಾರಾಟದ ವಸ್ತುಗಳ ಮೇಲೆ ಬಳಸಿದರೆ ಎಷ್ಟು ಪಾಲು, ಬಣ್ಣ ಅಥವಾ ಅಕ್ಷರ ಬದಲಿಸಬೇಕಾದರೆ ಯಾರನ್ನು ಕೇಳಬೇಕು, ಹೆಸರು ಎಲ್ಲಿ ಬರಬೇಕು. ಇಷ್ಟನ್ನು ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು. ಈಗಾಗಲೇ ಕೇಳುಗರ ಚಿತ್ರವನ್ನು ಮುಖದಲ್ಲಿಟ್ಟುಕೊಂಡು ನಡೆಯುತ್ತಿರುವ ಕಾರ್ಯಕ್ರಮಗಳು ಈ ಪತ್ರವನ್ನು ಇಂದೂ ಬರೆಸಿಕೊಳ್ಳಬಹುದು, ಚಿತ್ರ ಕಳುಹಿಸಿದ ದೂರವಾಣಿ ಸಂಖ್ಯೆ ಇನ್ನೂ ಬದಲಾಗಿಲ್ಲದಿದ್ದರೆ.