ಹದಿನಾರು ಮತಗಳ ಕೊರತೆ

ಶಾಂತಸಾಗರದ ನಡುವೆ ಟೊಕೆಲಾವ್ ಎಂಬ ಮೂರು ಹವಳದ್ವೀಪಗಳಿವೆ: ಅಟಾಫು, ನುಕುನೊನು, ಫಕಾಒಫೊ. ಮೂರನ್ನೂ ಕೂಡಿಸಿದರೆ ನೆಲ ಹತ್ತು ಹನ್ನೆರಡು ಚದರ ಕಿಲೋಮೀಟರು. ಜನ ಸುಮಾರು 1,500. ವಿಮಾನನಿಲ್ದಾಣವಿಲ್ಲ. ಸಮೋವಾದ ಅಪಿಯಾ ರೇವಿನಿಂದ ಹಡಗಿನಲ್ಲಿ ಒಂದು ಹಗಲು ಒಂದು ರಾತ್ರಿಗೂ ಮಿಕ್ಕಿದ ಪಯಣ. ನಮ್ಮ ಹೋಬಳಿಯ ಸಂತೆಯಲ್ಲಿ ನೆರೆಯುವಷ್ಟು ಜನವೂ ಇಲ್ಲದ ಈ ನಾಡು ರಾಜ್ಯನೀತಿಯ ಕಠಿನವಾದೊಂದು ಪ್ರಶ್ನೆಯನ್ನು ಎತ್ತಿದೆಯೆಂದು ನನ್ನ ಎಣಿಕೆ.

1925ರಿಂದ ಈ ದ್ವೀಪಗಳ ಆಡಳಿತ ನ್ಯೂಜಿಲೆಂಡಿನದು. ಆದರೆ ಆ ದೇಶದ ಶಾಸನಗಳು, ಸ್ಪಷ್ಟವಾಗಿ ಹಾಗೆಂದು ಹೇಳಿದ ಹೊರತು, ಇಲ್ಲಿಗೆ ಅನ್ವಯಿಸವು. ದಿನನಿತ್ಯದ ಅಧಿಕಾರವೆಲ್ಲ ಪ್ರತಿಯೊಂದು ಊರಿನ ‘ತೌಪುಲೆಂಗ’ ಎಂಬ ಹಿರಿಯರ ಸಭೆಯ ಕೈಯಲ್ಲಿದೆ. ಊರವರೆಲ್ಲರಿಗೂ ಸೇರಿದ ಮೀನುಬೇಟೆಯನ್ನು ಮನೆಮನೆಗೆ ಸಮನಾಗಿ ಹಂಚುವ ‘ಇನಾತಿ’ ಎಂಬ ಕಟ್ಟಳೆಯೂ ಅಲ್ಲಿ ಉಳಿದುಬಂದಿದೆ. ಮೂರು ಊರುಗಳ ಪ್ರತಿನಿಧಿಗಳು ಕೂಡುವ ‘ಜನರಲ್ ಫೊನೊ’ಗೆ ಶಾಸನಾಧಿಕಾರ ದೊರೆತದ್ದು 1996ರಲ್ಲಿ. ನಾಡಿನ ಮುಖ್ಯಸ್ಥನ ಪದವಿ ವರ್ಷಕ್ಕೊಂದು ದ್ವೀಪದಂತೆ ಸರದಿಯಲ್ಲಿ ಸುತ್ತುತ್ತದೆ. ಹೊರಗಿನವರು ನೋಡಿ ಅಸೂಯೆ ಪಡಬಹುದಾದ ಏರ್ಪಾಡು!

ಹೀಗಿರಲು, ಟೊಕೆಲಾವ್ ಕುಕ್ ದ್ವೀಪಗಳಂತೆ, ನಿಯುವೆಯಂತೆ, ನ್ಯೂಜಿಲೆಂಡಿನೊಡನೆ ಸ್ವತಂತ್ರ ಸಹಯೋಗದ ಸ್ವಯಮಾಡಳಿತವನ್ನು ಪಡೆಯಬೇಕೇ ಎಂದು 2006ರ ಫೆಬ್ರುವರಿಯಲ್ಲಿ ಜನಮತ ಕೇಳಲಾಯಿತು. ಮೂರರಲ್ಲಿ ಎರಡು ಪಾಲು ಒಪ್ಪಬೇಕೆಂಬ ನಿಯಮ. ಫೊನೊ ಒಪ್ಪಿಯೇ ನಿಂತ ನಿಯಮವದು. 581 ಮತಗಳಲ್ಲಿ 349 ಒಪ್ಪಿದುವು, ಸಾಲಲಿಲ್ಲ. 2007ರ ಅಕ್ಟೋಬರಿನಲ್ಲಿ ಮತ್ತೆ ಕೇಳಿದರು. ಈ ಬಾರಿ 692ರಲ್ಲಿ 446. ಬೇಕಾಗಿದ್ದುದು 462. ಹದಿನಾರು ಮತಗಳ ಕೊರತೆಯಿಂದ ಒಂದು ನಾಡಿನ ಗತಿ ಇದ್ದಲ್ಲಿಯೇ ನಿಂತಿತು.

ಬಹುಮತವಿದ್ದೂ ಸೋಲೆಂದರೆ ಅನ್ಯಾಯವಲ್ಲವೆ ಎಂದು ಕೇಳುವವರುಂಟು. ನನಗೆ ಹಾಗೆ ತೋರದು. ಎಲ್ಲರೂ ಒಂದೇ ಮೀನುಬೇಟೆಯ ಪಾಲನ್ನು ಉಣ್ಣುವ ಊರಿನಲ್ಲಿ ಮೂರನೆಯ ಒಂದಂಶ ಜನ ಬೇಡವೆಂದ ಮಾರ್ಗದಲ್ಲಿ ನಡೆಯುವುದು ದುಸ್ಸಾಧ್ಯ. ಅಂಕಿಗಳ ಗೆಲವು ಅಲ್ಲಿ ಮನೆಮನೆಯ ಕಲಹವಾದೀತು. ನನ್ನ ಆಕ್ಷೇಪ ಬೇರೆ ಕಡೆಗಿದೆ. ದ್ವೀಪದಲ್ಲಿರುವವರಿಗಿಂತ ಹಲವು ಮಡಿ ಟೊಕೆಲಾವರು ನ್ಯೂಜಿಲೆಂಡಿನಲ್ಲಿ ನೆಲೆಸಿದ್ದಾರೆ; ಅವರಿಗೆ ಮತವಿರಲಿಲ್ಲ. ಇದ್ದಿದ್ದರೆ ದೂರದವರು ಇಲ್ಲಿನವರ ಬಾಳನ್ನು ತೀರ್ಮಾನಿಸಿದಂತಾಗುತ್ತಿತ್ತು. ಇಲ್ಲದಿದ್ದುದರಿಂದ ಅವರ ತವರಿನ ಮಾತು ಅವರನ್ನು ಬಿಟ್ಟು ನಡೆಯಿತು. ಎರಡೂ ದಾರಿ ಸುಗಮವಲ್ಲ. ಅವರನ್ನು ಎಣಿಸದಿರಲು ಇದೊಂದು ಕಾರಣವಾದರೂ, ಕರೆದು ಆಲೋಚಿಸದಿರಲು ಕಾರಣವಾಗಲಾರದು.

ವಸಾಹತುಗಳ ವಿಮೋಚನೆಗಾಗಿ ವಿಶ್ವಸಂಸ್ಥೆಯು 1961ರಲ್ಲಿ ರಚಿಸಿದ ಸಮಿತಿಗೆ ಭಾರತವು ಮೊದಲಿನಿಂದಲೂ ಸದಸ್ಯ. ಅದರ ದೃಷ್ಟಿಯಲ್ಲಿ ಟೊಕೆಲಾವ್ ಸ್ವಯಮಾಡಳಿತ ಪಡೆಯದ ಪ್ರದೇಶಗಳ ಪಟ್ಟಿಯಲ್ಲೊಂದು ಹೆಸರು. ಪಟ್ಟಿ ಚಿಕ್ಕದಾಗಬೇಕೆಂಬ ಆತುರ ನ್ಯೂಯಾರ್ಕಿನದು. ಹಡಗು, ಆಸ್ಪತ್ರೆ, ಶಾಲೆಗಳ ಚಿಂತೆ ದ್ವೀಪದವರದು. ಎರಡನೆಯ ಮತದಾನದ ತರುವಾಯ ಹಿರಿಯರು ಆ ಪ್ರಶ್ನೆಯನ್ನು ಬದಿಗಿರಿಸಿ ಊರಿನ ಕೆಲಸಗಳತ್ತ ತಿರುಗಿದರು. 2012ರಲ್ಲಿ, ನ್ಯೂಜಿಲೆಂಡಿನ ಹಣದ ನೆರವಿನಿಂದ, ಮೂರು ದ್ವೀಪಗಳಲ್ಲೂ ಸೂರ್ಯಶಕ್ತಿಯ ವಿದ್ಯುತ್ತು ಬಂದಿತು.