ಅಳತೆಗೂ ಅಂಗಡಿಯೇ ಬೇಕಾ ಸ್ವಾಮೀ?

ಗಾಲ್ಫ್ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ "ದುಡ್ಡಿದ್ದವರ ಆಟ, ನಮಗ್ಯಾಕೆ" ಅಂತ ಈ ಪುಟ ಮುಚ್ಚಿ ಹೋಗ್ತೀರಿ ಅಂತ ಗೊತ್ತು. ಒಂದ್ನಿಮಿಷ ಇರಿ. ನನ್ನ ಇವತ್ತಿನ ಜಗಳವೂ ಅದರ ಬಗ್ಗೆಯೇ.

ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಐರನ್ ಸೆಟ್ ಒಂದನ್ನು ಕೊಂಡೆ. ಐರನ್ ಅಂದ್ರೆ ತಳದಲ್ಲಿ ನಂಬರ್ ಇರೋ, ಲೋಹದ ತಲೆಯ ಕ್ಲಬ್ಬುಗಳು. ನಂಬರ್ ಹೆಚ್ಚಾದಷ್ಟೂ ಚೆಂಡು ಎತ್ತರಕ್ಕೆ ಹೋಗಿ ಹತ್ತಿರದಲ್ಲೇ ಬೀಳತ್ತೆ. ನನ್ನ ಚೆಂಡುಗಳೆಲ್ಲ ಎಡಕ್ಕೇ ಹೋಗ್ತಿದ್ವು. ಬೆಂಗಳೂರಿನ ಒಂದು ಅಂಗಡಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಸಾರ್, ನಿಮ್ಮ ಹೈಟಿಗೆ ಇದು ಆಗಲ್ಲ. ಅರ್ಧ ಇಂಚು ಉದ್ದ ಬೇಕು. ಕಸ್ಟಮ್ ಫಿಟ್ಟಿಂಗ್ ಮಾಡಿಸಿ ಹೊಸ ಸೆಟ್ ತಗೊಳ್ಳಿ. ಅದಿಲ್ದೆ ಆಡೋದೇ ವೇಸ್ಟ್" ಅಂದ್ರು. ಕೈಯಲ್ಲಿ ಒಂದು ಟೇಪು ಕೂಡ ಇರಲಿಲ್ಲ! ನಮ್ಮ ಕಡೆ ಗುದ್ದಲಿಗೆ ಕಾವು ಹಾಕಿಸೋವಾಗಲೂ ಕಾವನ್ನು ಪಕ್ಕಕ್ಕೆ ನಿಲ್ಲಿಸಿ ನೋಡ್ತಾರೆ.

ಮನೆಗೆ ಬಂದು ನಾನೇ ಅಳೆದೆ. ಶೂ ಹಾಕಿ, ನೆಟ್ಟಗೆ ನಿಂತು, ಕೈಗಳನ್ನು ಸಡಿಲ ಬಿಟ್ಟು, ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಎಷ್ಟು ಇಂಚು ಅಂತ ಹೆಂಡತಿ ಕೈಲಿ ನೋಡಿಸಿದೆ. ಇದು ಸುಮಾರು 34ರಿಂದ 37 ಇಂಚಿನೊಳಗಿದ್ದರೆ ಸ್ಟಾಂಡರ್ಡ್ ಉದ್ದವೇ ಸಾಕು ಅನ್ನುತ್ತವೆ ಹೆಚ್ಚಿನ ಪಟ್ಟಿಗಳು. ನಾನು ಐದಡಿ ಹನ್ನೊಂದು, ಆದರೆ ಕೈ ಉದ್ದ. ಬಂದದ್ದು ಮೂವತ್ತೈದೂವರೆ. ಅಂದ್ರೆ ಬರೀ ಎತ್ತರ ನೋಡಿ ಉದ್ದ ಹೇಳೋದು ಕಾಲರ್ ಅಳೆದು ಪ್ಯಾಂಟ್ ಹೊಲಿದ ಹಾಗೆ. ಈ ಎತ್ತರ-ಮಣಿಕಟ್ಟಿನ ಲೆಕ್ಕ ಗುಟ್ಟಿನ ವಿದ್ಯೆಯೂ ಅಲ್ಲ. ಪಿಂಗ್ ಕಂಪನಿ ತನ್ನ ಬಣ್ಣದ ಚುಕ್ಕೆಗಳ ಪಟ್ಟಿಯನ್ನು 1970ರ ದಶಕದಿಂದಲೇ ಜನರ ಕೈಗೆ ಕೊಟ್ಟಿದೆ.

ಹಾಗಾದ್ರೆ ಎಡಕ್ಕೆ ಯಾಕೆ ಹೋಗ್ತಿತ್ತು? ಇಲ್ಲಿ ಬರೋದು ಲೈ ಆಂಗಲ್, ಅಂದ್ರೆ ನೆಲಕ್ಕೂ ಶಾಫ್ಟಿಗೂ ನಡುವಿನ ಕೋನ. ಇದನ್ನು ನೋಡೋಕೆ ಒಂದು ವೈಟ್‌ಬೋರ್ಡ್ ಮಾರ್ಕರ್ ಸಾಕು. ಚೆಂಡಿನ ಮೇಲೆ ಒಂದು ದಪ್ಪ ಗೆರೆ ಎಳೀರಿ. ಆ ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಕಡೆ ಮುಖ ಮಾಡಿರೋ ಹಾಗೆ ಚೆಂಡನ್ನಿಟ್ಟು ಹೊಡೀರಿ. ಗೆರೆ ಕ್ಲಬ್ಬಿನ ಮುಖಕ್ಕೆ ಅಂಟತ್ತೆ. ನೆಟ್ಟಗೆ ಬಂದ್ರೆ ಸರಿ. ಗೆರೆಯ ಮೇಲ್ತುದಿ ಕ್ಲಬ್ಬಿನ ಮೂತಿಯ ಕಡೆ ವಾಲಿದ್ರೆ ಕೋನ ಜಾಸ್ತಿ, ಬಲಗೈಯವರಿಗೆ ಚೆಂಡು ಎಡಕ್ಕೆ ಎಳೆಯತ್ತೆ. ಹಿಮ್ಮಡಿಯ ಕಡೆ ವಾಲಿದ್ರೆ ಕೋನ ಕಮ್ಮಿ, ಚೆಂಡು ಬಲಕ್ಕೆ. ಒಂದೇ ಹೊಡೆತ ನಂಬಬೇಡಿ. ಹತ್ತು ಹೊಡೆದು, ಮುಖದ ನಡುವೆ ತಾಗಿದವನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ನನ್ನ ಗೆರೆಗಳೆಲ್ಲ ಮೂತಿ ಕಡೆಗೇ ವಾಲಿದ್ವು. ಈಗ ತಮಾಷೆ ನೋಡಿ. ಶಾಫ್ಟ್ ಉದ್ದ ಮಾಡಿದ್ರೆ ಮೂತಿ ಇನ್ನೂ ಮೇಲೇಳತ್ತೆ. ಅಂದ್ರೆ ಅಂಗಡಿಯವರು ಹೇಳಿದ ಅರ್ಧ ಇಂಚು ನನ್ನ ಕಾಯಿಲೆಯನ್ನೇ ಹೆಚ್ಚು ಮಾಡ್ತಿತ್ತು! ಕ್ಲಬ್ ರಿಪೇರಿ ಮಾಡೋ ಒಬ್ಬರ ಹತ್ತಿರ ಎರಡು ಡಿಗ್ರಿ ಬಗ್ಗಿಸಿಕೊಂಡು ಬಂದೆ. ನನ್ನದು ಫೋರ್ಜ್ಡ್ ಐರನ್, ಸುಲಭವಾಗಿ ಬಗ್ಗಿತು. ಎರಕದ ಸ್ಟೇನ್‌ಲೆಸ್ ಆಗಿದ್ರೆ ಕಷ್ಟ, ಕೊಳ್ಳೋ ಮೊದಲೇ ಕೇಳಿಕೊಳ್ಳಿ. ಈಗ ಚೆಂಡು ಎಡಕ್ಕೆ ಹೋದ್ರೆ ಅದು ಪೂರ್ತಿ ನನ್ನ ತಪ್ಪು.

ಇನ್ನು ನಂಬರಿನ ಸುಳ್ಳು. 1980ರ ಸುಮಾರಿಗೆ 7ನೇ ಐರನ್ನಿನ ಮುಖ ಸುಮಾರು 36 ಡಿಗ್ರಿ ವಾಲಿರ್ತಿತ್ತು. ಇವತ್ತು ಹೊಸಬರಿಗೆ ಮಾರೋ ಎಷ್ಟೋ ಸೆಟ್ಟುಗಳಲ್ಲಿ ಅದು 28-30. ಹಳೇ 5ನೇ ಐರನ್ನಿಗೆ 7 ಅಂತ ಬರೆದು, "ನೋಡಿ ಸಾರ್, ಎಷ್ಟು ದೂರ ಹೋಯ್ತು" ಅನ್ನೋದು! ಕೊಳ್ಳೋವಾಗ ನಂಬರ್ ಬಿಡಿ, ಡಿಗ್ರಿ ಕೇಳಿ. ಕಂಪನಿಯವರೇ ಪ್ರಕಟಿಸಿರ್ತಾರೆ. ಪಿಚಿಂಗ್ ವೆಜ್ 43 ಡಿಗ್ರಿ, ಮುಂದಿನದು 56 ಅಂತಿದ್ರೆ ನಡುವಿನ ದೂರಗಳಿಗೆ ನಿಮ್ಮ ಹತ್ತಿರ ಕ್ಲಬ್ಬೇ ಇಲ್ಲ ಅಂತ ಅರ್ಥ. ಶಾಫ್ಟಿನ ಮೇಲಿನ ಆರ್, ಎಸ್ ಅಕ್ಷರಗಳ ಕಥೆಯೂ ಇಷ್ಟೇ. ಎಲ್ಲ ಕಂಪನಿಗೂ ಒಪ್ಪಿತವಾದ ಅಳತೆಯೇ ಇಲ್ಲ, ಒಬ್ಬರ ಆರ್ ಇನ್ನೊಬ್ಬರ ಎಸ್. ಅಕ್ಷರಕ್ಕಿಂತ ತೂಕ ನೋಡಿ. ಅರವತ್ತು ಚೆಂಡು ಹೊಡೆದ ಮೇಲೂ ತೋಳು ಬೈಯದಿದ್ರೆ ಆ ತೂಕ ನಿಮ್ಮದು. ಗ್ರಿಪ್ ಹಿಡಿದಾಗ ಎಡಗೈಯ ನಡುವಿನೆರಡು ಬೆರಳ ತುದಿ ಹೆಬ್ಬೆರಳ ಬುಡಕ್ಕೆ ಮೆಲ್ಲಗೆ ತಾಗಿದ್ರೆ ದಪ್ಪ ಸರಿ.

ಫಿಟ್ಟಿಂಗ್ ಮೋಸ ಅಂತ ನಾನು ಹೇಳ್ತಿಲ್ಲ. ಚೆಂಡಿನ ವೇಗ, ಸುತ್ತು, ಏರುವ ಕೋನ ಇವೆಲ್ಲ ಮಾರ್ಕರ್ ಪೆನ್ನಿಗೆ ಸಿಗಲ್ಲ. ಹೊಡೆತ ಒಂದು ಹದಕ್ಕೆ ಬಂದವರು ಒಳ್ಳೆ ಫಿಟ್ಟರ್ ಹತ್ತಿರ ಖಂಡಿತ ಹೋಗಲಿ. ನನ್ನ ತಕರಾರು "ಮೊದಲು ಫಿಟ್ಟಿಂಗ್" ಅನ್ನೋದರ ಮೇಲೆ. ವಾರಕ್ಕೊಂದು ಥರ ಹೊಡೆಯೋ ಹೊಸಬನನ್ನು ಅಳೆಯೋದು, ಓಡೋ ಮಗುವಿನ ಕಾಲಿಗೆ ಚಪ್ಪಲಿ ಅಳತೆ ತಗೊಂಡ ಹಾಗೆ. ಸ್ಪೇನಿನ ಸೆವೆ ಬ್ಯಾಲೆಸ್ಟೆರೋಸ್ ಹುಡುಗನಾಗಿದ್ದಾಗ ಸಮುದ್ರದ ಮರಳಲ್ಲಿ ಒಂದೇ ಒಂದು 3ನೇ ಐರನ್ ಹಿಡಿದು ಕಲಿತವನು. 1979, 1984, 1988ರಲ್ಲಿ ಬ್ರಿಟಿಷ್ ಓಪನ್ ಗೆದ್ದ.

ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅಷ್ಟು ವರ್ಷದಿಂದ ಇಲ್ಲಿ ಆಟ ನಡೀತಿದೆ, ಚೀಲ ಹೊರೋ ಕ್ಯಾಡಿಗಳು ಕನ್ನಡ ಮಾತಾಡ್ತಾರೆ, ಆದ್ರೆ ಇಷ್ಟು ಸಣ್ಣ ಲೆಕ್ಕವನ್ನು ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಯಾರೋ ಕೊಟ್ಟ ಹಳೇ ಕ್ಲಬ್ ಹಿಡಿದು ಆಡೋ ಹುಡುಗನಿಗೆ "ನಿನ್ನ ಮೈಗೆ ಇದು ಆಗಲ್ಲ" ಅಂದ್ರೆ ಅವನು ನಂಬಿ ಬಿಟ್ಟುಬಿಡ್ತಾನೆ. ತಪ್ಪು ಅವನ ಮೈಯಲ್ಲಿಲ್ಲ, ಎರಡು ಡಿಗ್ರಿಯಲ್ಲಿದೆ ಅಂತ ಅವನಿಗೆ ಹೇಳೋರು ಯಾರು?

ಅದಕ್ಕೇ ಬರೆದೆ. ಗೊತ್ತಿರೋ ಕ್ಯಾಡಿ ಹುಡುಗರಿದ್ರೆ ಇದನ್ನು ದಾಟಿಸಿ. ತಪ್ಪಿದ್ರೆ ತಿದ್ದಿ, ಜಗಳಕ್ಕೂ ಸ್ವಾಗತ. ಟೇಪು ಮಾತ್ರ ಜೊತೇಲಿ ತನ್ನಿ!