ಬಾಟಲಿ ಮನೆ, ಖಾಲಿ ಊರು

ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್‌ಗೆ ಹೋಗೋರು ನಡುವಿನ ಮರುಭೂಮಿಯನ್ನ ‘ಬೇಗ ಮುಗಿದ್ರೆ ಸಾಕಪ್ಪಾ’ ಅಂತ ದಾಟಿಬಿಡ್ತಾರೆ. ಈ ಸಲ ನಾವು ಮಕ್ಕಳು, ಊರಿಂದ ಬಂದಿದ್ದ ಮಾವನವರ ಜೊತೆ ಸುತ್ತು ದಾರಿ ಹಿಡಿದು, ನಿಂತು ನಿಂತು ಹೋದ್ವಿ.

ಬೇಕರ್ ಎಂಬ ಪುಟ್ಟ ಊರಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ಇದೆ! 1913ರಲ್ಲಿ ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನ ನೆನಪಿಗೆ. ಮಕ್ಕಳು ಕುಣಿದಾಡಿದ್ರು.

ಡೆತ್ ವ್ಯಾಲಿ ದಾಟಿದರೆ ನೆವಾಡಾದ ರಯೋಲೈಟ್. 1904ರಲ್ಲಿ ಚಿನ್ನ ಸಿಕ್ಕಿ ಎದ್ದ ಊರು. ಬ್ಯಾಂಕು, ಶಾಲೆ, ರೈಲು ಎಲ್ಲ ಬಂತು; 1916ರಲ್ಲಿ ಕರೆಂಟೂ ಹೋಯ್ತು. ಈಗ ಉಳಿದಿರೋದು ಮುರುಕು ಗೋಡೆಗಳು, ಹಳೇ ರೈಲ್ವೆ ಸ್ಟೇಷನ್ನು, 1906ರಲ್ಲಿ ಸಾವಿರಾರು ಬಾಟಲಿಗಳಿಂದ ಕಟ್ಟಿದ ಮನೆ. ಮರ ಸಿಗದ ಕಡೆ ಬಾಟಲಿಯೇ ಇಟ್ಟಿಗೆ!

“ಜನ ಎಲ್ಲಿಗೆ ಹೋದ್ರು?” ಮಾವನವರು ಕೇಳಿದ್ದು ಅದೊಂದೇ. ಅವರು ಕೆಜಿಎಫ್ ಗಣಿಯೊಳಗೆ ದುಡಿದವರು. ರಯೋಲೈಟ್‌ನವರು ಬೇರೆ ಕೆಲಸ ಹುಡುಕಿ ಹೊರಟರು. ಊರಿಗೆ ಹತ್ತು-ಹನ್ನೆರಡೇ ವರ್ಷವಾಗಿತ್ತು, ಬೇರು ಬಿಟ್ಟಿರಲಿಲ್ಲ. ನಮ್ಮ ಕೋಲಾರದ ಗಣಿ 120 ವರ್ಷ ನಡೆದು 2001ರಲ್ಲಿ ಮುಚ್ಚಿತು. ಆದರೂ ಜನ ಊರು ಬಿಡಲಿಲ್ಲ. ಇವತ್ತಿಗೂ ಬೆಳಗಿನ ಜಾವ ಬೆಂಗಳೂರಿನ ರೈಲು ಹತ್ತಿ, ದುಡಿದು, ರಾತ್ರಿ ಅಲ್ಲಿಗೇ ಮರಳುತ್ತಾರೆ.

ಪಾಳುಬಿದ್ದ ಊರಿನ ಫೋಟೋ ಚೆನ್ನಾಗಿ ಬರುತ್ತೆ ನಿಜ. ಗಣಿ ಮುಚ್ಚಿದ ಮೇಲೂ ಒಲೆ ಉರಿಯೋ ಊರನ್ನ ಮಕ್ಕಳಿಗೆ ತೋರಿಸೋದು ಇನ್ನೂ ಮುಖ್ಯ ಅನ್ನಿಸ್ತು.

ನೀವೂ ಹೊರಡ್ತೀರಾ? ಬೇಸಿಗೆ ಬೇಡ. ಟ್ಯಾಂಕ್ ತುಂಬಿಸಿ, ನೀರು ಜಾಸ್ತಿ ಇಟ್ಕೊಳ್ಳಿ, ನಕ್ಷೆ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಎಷ್ಟೋ ಕಡೆ ನೆಟ್‌ವರ್ಕ್ ಸಿಗಲ್ಲ.